‘ಘಟಶ್ರಾದ್ಧ’: ಕಪ್ಪು ಕಾಣಿಸುವ ಚಿತ್ರ

ಕಳೆದ ಮಳೆಗಾಲದ ಒಂದು ಭಾನುವಾರ. ಲೋಕಲ್ ಗಾಡಿಗಳು ಕುರ್ಲಾದ ಆಚೆ ನಿಂತಿದ್ದವು. ಡೊಂಬಿವಲಿಯ ನಮ್ಮ ಮನೆಯಲ್ಲಿ ಮೊಮ್ಮಗನಿಗೂ ನನಗೂ ಹೊರಗೆ ಹೋಗುವ ದಾರಿಯಿರಲಿಲ್ಲ. “ಅಜ್ಜ, ಒಂದು ಒಳ್ಳೆಯ ಕನ್ನಡ ಸಿನಿಮಾ ಹೇಳು, ನೋಡೋಣ” ಎಂದ. ಮನೆಯಲ್ಲಿ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷು, ಹೀಗೆ ಮೂರು ದೋಣಿಗಳಲ್ಲಿ ಕಾಲಿಟ್ಟ ಹುಡುಗ ತಾನಾಗಿ ಹೀಗೆ ಕೇಳುವುದು ದಿನವೂ ನಡೆಯುವ ಮಾತಲ್ಲ. ನಾನು ಹಿಂದುಮುಂದು ನೋಡದೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ ಎಂದೆ. ಅವನು ಎಲ್ಲಿಂದಲೋ ಹುಡುಕಿ ತೆಗೆದು ಅಂಗೈಯಗಲದ ಫೋನಿನಲ್ಲಿ ಹಚ್ಚಿದ. ಹತ್ತು ನಿಮಿಷವಾಗಿರಬಹುದು. “ಇದರಲ್ಲಿ ಏನೂ ಕಾಣಿಸೋದೇ ಇಲ್ಲವಲ್ಲ ಅಜ್ಜ. ಎಲ್ಲ ಕಪ್ಪು” ಎಂದು ಎದ್ದುಹೋದ.

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಫೋನನ್ನು ನನ್ನ ಕೈಗೆ ತೆಗೆದುಕೊಂಡು ನೋಡಿದೆ. ಹುಡುಗ ಹೇಳಿದ್ದು ನಿಜವಾಗಿತ್ತು. ಯಾವುದೋ ಸವೆದ ಪ್ರತಿಯಿಂದ ಟೇಪಿಗೆ, ಟೇಪಿನಿಂದ ಇನ್ನೊಂದಕ್ಕೆ ಇಳಿಸುತ್ತ ಬಂದ ಆ ಚಿತ್ರದಲ್ಲಿ ರಾತ್ರಿಯ ದೃಶ್ಯಗಳೆಲ್ಲ ಮಸಿ ಬಳಿದ ಗೋಡೆಯಂತಿದ್ದವು. ಹಗಲಿನ ದೃಶ್ಯಗಳಲ್ಲಿ ಮುಖಗಳು ಸುಣ್ಣದ ಮುದ್ದೆಗಳಾಗಿದ್ದವು. ಮಾತು ಕೇಳುತ್ತಿತ್ತು, ಕಥೆ ತಿಳಿಯುತ್ತಿತ್ತು. ಆದರೆ ಚಿತ್ರ ಅಲ್ಲಿರಲಿಲ್ಲ. ಕಥೆ ಉಳಿದು ಚಿತ್ರ ಹೋದರೆ ಏನು ಹೋದಂತೆ? ಈ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ನಾನು ‘ಘಟಶ್ರಾದ್ಧ’ವನ್ನು ಮೊದಲು ನೋಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಭಾನುವಾರ ಬೆಳಗಿನ ಆಟದಲ್ಲಿ. ಆಗ ನಮ್ಮಂಥ ಹೊಟೇಲು, ಬ್ಯಾಂಕು, ಕಾರಖಾನೆಗಳ ಕನ್ನಡಿಗರಿಗೆ ಕನ್ನಡ ಚಿತ್ರವೆಂದರೆ ವರ್ಷಕ್ಕೆ ನಾಲ್ಕೈದು ಬಾರಿ ಒದಗುವ ಹಬ್ಬ. ಥಾಣೆ, ಕಲ್ಯಾಣಗಳಿಂದ ಮಕ್ಕಳು ಮರಿ ಕಟ್ಟಿಕೊಂಡು, ಬುತ್ತಿ ಹಿಡಿದು, ಗಾಡಿ ಹತ್ತಿ ದಾದರು ಮಾಟುಂಗಾಗಳ ಕಡೆ ಹೋಗುತ್ತಿದ್ದೆವು. ಅಂದು ಆಟ ಮುಗಿದ ಮೇಲೆ ಬಾಗಿಲ ಬಳಿ ಯಾರೂ ಮಾತಾಡಲಿಲ್ಲ. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಮರಳುವ ಗಾಡಿಯಲ್ಲಿ ಮಾತ್ರ ಜಗಳವೇ ಆಯಿತು. “ನಮ್ಮ ಹೊಲಸನ್ನು ಪರವೂರಿನಲ್ಲಿ ತೊಳೆಯಬೇಕೇ?” ಎಂದು ಒಬ್ಬರು; “ತೊಳೆಯದಿದ್ದರೆ ಹೊಲಸು ಹೋಗುವುದು ಹೇಗೆ?” ಎಂದು ಇನ್ನೊಬ್ಬರು. ಘಾಟಕೋಪರದಲ್ಲಿ ಶುರುವಾದದ್ದು ದಿವಾ ಬಂದರೂ ಮುಗಿಯಲಿಲ್ಲ.

ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಬಲ್ಲವರಿಗೆ ವಸ್ತು ಹೊಸದಲ್ಲ. ಮಲೆನಾಡಿನ ಅಗ್ರಹಾರ. ಉಡುಪರು ನಡೆಸುವ ವೇದಪಾಠಶಾಲೆ. ಅಲ್ಲಿಗೆ ಓದಲು ಬಂದ ಪುಟ್ಟ ಹುಡುಗ ನಾಣಿ. ಉಡುಪರ ವಿಧವೆ ಮಗಳು ಯಮುನಕ್ಕ ಅವನಿಗೆ ಊರು ಬಿಟ್ಟು ಬಂದಲ್ಲಿ ಸಿಕ್ಕಿದ ತಾಯಿ. ಶಾಲೆಯ ಮೇಷ್ಟರಿಂದ ಆಕೆ ಬಸುರಾಗುತ್ತಾಳೆ. ಊರು ಪಿಸುಗುಡುತ್ತದೆ, ಪಾಠಶಾಲೆ ಬರಿದಾಗುತ್ತದೆ. ಕಡೆಗೆ ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ, ಆಕೆಯನ್ನು ಸತ್ತವಳೆಂದು ಲೆಕ್ಕ ಹಾಕಿ ಕುಲದಿಂದ ಹೊರಗಿಡುತ್ತಾನೆ. ತಂದೆಯೊಡನೆ ಊರಿಗೆ ಮರಳುವ ನಾಣಿಗೆ ತಲೆ ಬೋಳಿಸಿಕೊಂಡು ಮರದಡಿ ಒಂಟಿಯಾಗಿರುವ ಯಮುನಕ್ಕ ಕಾಣುತ್ತಾಳೆ. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ಇಷ್ಟನ್ನು ಅಕ್ಷರದಲ್ಲಿ ಓದಬಹುದು. ಹಾಗಾದರೆ ಚಿತ್ರ ಮಾಡಿದ್ದೇನು? ನನ್ನ ಉತ್ತರ ಒಂದೇ. ಈ ಚಿತ್ರ ಕತ್ತಲೆಗೂ ಬೆಳಕಿಗೂ ನಾವು ರೂಢಿಯಲ್ಲಿ ಕೊಡುವ ಬೆಲೆಯನ್ನು ಬದಲಿಸಿತು. ನಮ್ಮ ಪುರಾಣಗಳಲ್ಲಿ, ಹಾಡುಗಳಲ್ಲಿ, ಭಾಷಣಗಳಲ್ಲಿ ಬೆಳಕೆಂದರೆ ಒಳ್ಳೆಯದು, ಕತ್ತಲೆಯೆಂದರೆ ಕೆಟ್ಟದ್ದು. ‘ಘಟಶ್ರಾದ್ಧ’ದಲ್ಲಿ ಮಗುವಿಗೆ ಮಮತೆ ಸಿಗುವುದು ದೀಪದ ಅರೆಬೆಳಕಿನ ಒಳಮನೆಯಲ್ಲಿ. ರಾತ್ರಿ ಮನೆಯ ನೆನಪಾಗಿ ಅಳುವ ನಾಣಿಗೆ ಯಮುನಕ್ಕನೇ ಆಸರೆ. ಅದೇ ಹೆಂಗಸಿಗೆ ತೀರ್ಪು ಸಿಗುವುದು ಬಟ್ಟಬಯಲಿನ ಹಗಲಿನಲ್ಲಿ, ಎಲ್ಲರ ಕಣ್ಣೆದುರಿಗೆ, ಮಂತ್ರಪೂರ್ವಕವಾಗಿ. ಕ್ರೌರ್ಯಕ್ಕೆ ಇಲ್ಲಿ ಮರೆ ಬೇಕಿಲ್ಲ; ಮರೆ ಬೇಕಾದದ್ದು ಪ್ರೀತಿಗೆ. ಹಾಗೆಂದು ಕತ್ತಲೆಯೆಲ್ಲ ಅಭಯವೂ ಅಲ್ಲ. ಗರ್ಭ ತೆಗೆಸುವ ಪ್ರಸಂಗದಲ್ಲಿ ಅದೇ ಕತ್ತಲೆ ಹುಡುಗನನ್ನೂ ನಮ್ಮನ್ನೂ ನಡುಗಿಸುತ್ತದೆ. ಒಂದೇ ಕಪ್ಪು ಬಣ್ಣದಲ್ಲಿ ಮಡಿಲೂ ಇದೆ, ಹಾವಿನ ಹುತ್ತವೂ ಇದೆ. ಸಾಯಬೇಕೆಂದು ಯಮುನಕ್ಕ ಹಾವಿನ ಬಿಲದೊಳಗೆ ಕೈಯಿಡುವಾಗ ಆ ಬಿಲದ ಕಪ್ಪು ನಮಗೆ ಮನೆಯೊಳಗಿನ ಕಪ್ಪನ್ನು ನೆನಪಿಸದೆ ಬಿಡದು.

ಈ ಕೆಲಸ ಮಾಡಿದವರು ಛಾಯಾಗ್ರಾಹಕ ಎಸ್. ರಾಮಚಂದ್ರ. ಎರಡು ವರ್ಷ ಮೊದಲು, 1975ರಲ್ಲಿ, ಬಿ. ವಿ. ಕಾರಂತರ ‘ಚೋಮನ ದುಡಿ’ಗೂ ಕ್ಯಾಮರಾ ಹಿಡಿದವರು ಅವರೇ. ಅವರ ಚಿತ್ರಗಳಲ್ಲಿ ಬೆಳಕು ಎಲ್ಲಿಂದಲೋ ಸುರಿಯುವುದಿಲ್ಲ. ಕಿಟಕಿಯಿಂದ, ಬಾಗಿಲಿನಿಂದ, ಹಣತೆಯಿಂದ ಬಂದಂತೆ ಕಾಣುತ್ತದೆ. ಕಂಬದ ಹಿಂದೆ ನಿಂತವರ ಅರ್ಧ ಮುಖ ನೆರಳಿನಲ್ಲಿ ಉಳಿಯುತ್ತದೆ. ಆ ಅರ್ಧವನ್ನು ಊಹಿಸುವ ಕೆಲಸ ನೋಡುವವನದು, ನಾಣಿಯದೂ ಅದೇ. ದೊಡ್ಡವರ ಲೋಕವನ್ನು ಮಗು ಅರೆಬರೆಯಾಗಿ ಅರಿಯುತ್ತದೆ ಎಂಬುದನ್ನು ಕಾಸರವಳ್ಳಿ ಮಾತಿನಲ್ಲಿ ಹೇಳದೆ ನೆರಳಿನಲ್ಲಿ ಹೇಳಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಹೊರಬಂದು ಎರಡೇ ವರ್ಷವಾಗಿದ್ದ, ಇನ್ನೂ ಮೂವತ್ತು ತುಂಬದ ನಿರ್ದೇಶಕನ ಮೊದಲ ಚಿತ್ರ ಇದು ಎಂದರೆ ಇಂದಿಗೂ ಅಚ್ಚರಿಯೆನಿಸುತ್ತದೆ. 1977ರ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರದ ಸ್ವರ್ಣಕಮಲ ಬಂತು. ಸಂಗೀತಕ್ಕಾಗಿ ಕಾರಂತರಿಗೂ ನಾಣಿಯ ಪಾತ್ರಕ್ಕಾಗಿ ಬಾಲಕ ಅಜಿತ್ ಕುಮಾರನಿಗೂ ಪ್ರಶಸ್ತಿ ಬಂತು.

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ಯಮುನಕ್ಕನ ಪಾಡಿಗೆ ಕಾರಣನಾದ ಮೇಷ್ಟರು ನಮಗೆ ಬಹುಮಟ್ಟಿಗೆ ಅಪರಿಚಿತನಾಗಿಯೇ ಉಳಿಯುತ್ತಾನೆ. ಅಗ್ರಹಾರದ ಹಿರಿಯರಲ್ಲಿ ಒಬ್ಬನಿಗಾದರೂ ಒಳಗೊಳಗೆ ಅಳುಕಿತ್ತೇ ಎಂಬುದನ್ನು ಚಿತ್ರ ಕೇಳುವುದಿಲ್ಲ. ಹುಡುಗನ ಕಣ್ಣಿನಿಂದಲೇ ನೋಡಬೇಕೆಂಬ ನಿಯಮಕ್ಕೆ ತೆತ್ತ ಬೆಲೆ ಇದು ಎನ್ನಬಹುದು. ಆದರೂ ಯಮುನಕ್ಕನ ಮನಸ್ಸಿನೊಳಗೆ ಒಮ್ಮೆ ಇಣುಕಬೇಕೆಂಬ ಆಸೆ ನನ್ನಲ್ಲಿ ತೀರಲಿಲ್ಲ. ಮೀನಾ ಕುಟ್ಟಪ್ಪ ಅವರ ಮೌನ ಮುಖ ಆ ಕೊರತೆಯನ್ನು ಬಹಳಷ್ಟು ತುಂಬುತ್ತದೆ. ಆದರೆ ಆ ಮುಖ ಕಾಣಬೇಕಲ್ಲ! ನಮ್ಮ ಫೋನಿನಲ್ಲಿ ಕಾಣದೆ ಹೋದದ್ದು ಆ ಮುಖವೇ.

ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ಫಿಲ್ಮು ಎಂಬ ವಸ್ತುವನ್ನು ಸ್ವಲ್ಪ ಅರಿಯಬೇಕು. ತೆಳ್ಳನೆಯ ಪಾರದರ್ಶಕ ಪಟ್ಟಿ. ಅದರ ಮೇಲೆ ಜೆಲಟಿನ್ ಅಂಟು. ಅಂಟಿನೊಳಗೆ ಬೆಳ್ಳಿಯ ಲವಣದ ಕಣಗಳು. ಬೆಳಕು ತಾಗಿದ ಕಣ ರಸಾಯನದಲ್ಲಿ ತೊಳೆದಾಗ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತದೆ. ತಾಗದ್ದು ತೊಳೆದುಹೋಗುತ್ತದೆ. ಹಾಗಾಗಿ ನೆಗೆಟಿವಿನಲ್ಲಿ ಬೆಳಕು ಕಪ್ಪಾಗಿ, ಕತ್ತಲೆ ತಿಳಿಯಾಗಿ ಕೂಡುತ್ತವೆ. ಪ್ರಿಂಟಿನಲ್ಲಿ ಮತ್ತೆ ತಿರುವುಮುರುವಾಗುತ್ತವೆ. ಕಪ್ಪಿಗೂ ಬಿಳುಪಿಗೂ ನಡುವೆ ಎಷ್ಟೋ ಬೂದುಬಣ್ಣಗಳು. ರಾಮಚಂದ್ರರ ಕಲೆಯೆಲ್ಲ ಆ ಬೂದುಬಣ್ಣಗಳಲ್ಲಿದೆ. ಕೆಟ್ಟ ನಕಲು ಮೊದಲು ಕೊಲ್ಲುವುದು ಅವನ್ನೇ. ಸ್ವಲ್ಪ ಕಪ್ಪನ್ನೂ ತುಂಬ ಕಪ್ಪನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗಿ ಮಸಿ ಮಾಡಿಬಿಡುತ್ತದೆ.

ಇನ್ನೊಂದು ವಿಶೇಷವಿದೆ. 35 ಮಿಲಿಮೀಟರಿನ ಫಿಲ್ಮು ಒಂದು ಸೆಕೆಂಡಿಗೆ 24 ಚಿತ್ರಗಳಂತೆ, ನಿಮಿಷಕ್ಕೆ 90 ಅಡಿ ಓಡುತ್ತದೆ. ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಒಂದು ಚಿತ್ರ ಸರಿದು ಮತ್ತೊಂದು ಬರುವ ನಡುವೆ ಪ್ರೊಜೆಕ್ಟರಿನ ಮುಚ್ಚಳ ಬೆಳಕನ್ನು ತಡೆಯುತ್ತದೆ. ಅಂದರೆ ಟಾಕೀಸಿನಲ್ಲಿ ಎರಡು ಗಂಟೆ ಕುಳಿತವನು ಹತ್ತಿರ ಹತ್ತಿರ ಒಂದು ಗಂಟೆ ಬರೀ ಕತ್ತಲೆಯಲ್ಲಿಯೇ ಕುಳಿತಿರುತ್ತಾನೆ. ಕಣ್ಣಿಗೆ ಮಾತ್ರ ಅದು ತಿಳಿಯುವುದಿಲ್ಲ. ರೀಲಿನ ಸಿನಿಮಾ ಎಂಬುದು ಕತ್ತಲೆಯನ್ನು ಒಳಗಿಟ್ಟುಕೊಂಡೇ ನಡೆಯುವ ಕಲೆ. ಹಗಲು ಬೆಳಕಿನ ಕೋಣೆಯಲ್ಲಿ, ಪ್ರೆಶರ್ ಕುಕ್ಕರಿನ ಸಿಳ್ಳಿನ ನಡುವೆ, ಅಂಗೈಯ ಗಾಜಿನಲ್ಲಿ ನೋಡಿದರೆ ಅದು ಹೇಗೆ ಒಲಿದೀತು?

ಕತ್ತಲೆಯನ್ನು ಹೀಗೆ ದುಡಿಸಿಕೊಂಡ ಕನ್ನಡಿಗ ಮುಂಬಯಿಯಲ್ಲಿ ಮೊದಲೇ ಒಬ್ಬರಿದ್ದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ವಿ. ಕೆ. ಮೂರ್ತಿ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಈ ಮಹಾನಗರಕ್ಕೆ ಬಂದರು, ಗುರುದತ್ತರ ಕಣ್ಣಾದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರವಾದ ‘ಕಾಗಜ್ ಕೆ ಫೂಲ್’ (1959) ನೋಡಿದವರು ಸ್ಟುಡಿಯೋದ ಕತ್ತಲೆಯನ್ನು ಸೀಳಿ ಇಳಿಯುವ ಆ ಒಂದು ಬೆಳಕಿನ ಕೋಲನ್ನು ಮರೆಯಲಾರರು. ಅದು ದೀಪದ ಬೆಳಕಲ್ಲ, ಕನ್ನಡಿಗಳಿಂದ ಒಳಗೆ ತಿರುಗಿಸಿದ ಬಿಸಿಲು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರು. ಮೂರ್ತಿ ಬೆಳಕನ್ನು ಕಟ್ಟಿದರು. ರಾಮಚಂದ್ರ ಇದ್ದ ಬೆಳಕನ್ನು ಕಾದರು. ಎರಡೂ ತಪಸ್ಸೇ.

‘ಘಟಶ್ರಾದ್ಧ’ಕ್ಕೂ ಮುಂಬಯಿಯ ನಂಟು ಇನ್ನೂ ಹತ್ತಿರದ್ದು. ಅದರ ನಿರ್ಮಾಪಕ ಸದಾನಂದ ಸುವರ್ಣ ನಮ್ಮವರು. ಮೂಲ್ಕಿಯಿಂದ ಎಳೆಯ ವಯಸ್ಸಿನಲ್ಲಿ ಈ ನಗರಕ್ಕೆ ಬಂದು, ಇಲ್ಲಿಯ ಕನ್ನಡ ರಂಗಭೂಮಿಯಲ್ಲಿ ಬೆಳೆದು, ಅದನ್ನು ಬೆಳೆಸಿದವರು. ‘ಗುಡ್ಡದ ಭೂತ’ ಧಾರಾವಾಹಿಯನ್ನೂ ‘ಕುಬಿ ಮತ್ತು ಇಯಾಲ’ ಚಿತ್ರವನ್ನೂ ನಿರ್ದೇಶಿಸಿದವರೆಂದು ಹಲವರಿಗೆ ನೆನಪಿರಬಹುದು. ಆ ದಿನಗಳಲ್ಲಿ ಹಾಡು ಕುಣಿತಗಳಿಲ್ಲದ, ತಾರೆಯರಿಲ್ಲದ, ಬಣ್ಣವೂ ಇಲ್ಲದ ಚಿತ್ರಕ್ಕೆ ಹಣ ಹಾಕುವುದೆಂದರೆ ಖಾಡಿಗೆ ಎಸೆದಂತೆಯೇ ಎಂದು ವ್ಯವಹಾರ ಬಲ್ಲವರು ಹೇಳುತ್ತಿದ್ದರು. ಸುವರ್ಣರು ಹಾಕಿದರು. ನಾವು ಹೊರನಾಡಿಗರು ಒಳನಾಡಿನ ಸಾಹಿತ್ಯ ಸಂಸ್ಕೃತಿಗಳಿಗೆ ಬರಿಯ ಚಪ್ಪಾಳೆ ತಟ್ಟುವವರಲ್ಲ, ಅದರ ಒಂದು ದೊಡ್ಡ ಕೃತಿಯನ್ನು ಹೆತ್ತವರೂ ಹೌದು ಎಂದು ಹೇಳಿಕೊಳ್ಳಲು ಈ ಒಂದು ಚಿತ್ರ ಸಾಕು.

ಆದರೆ ಹೆತ್ತರೆ ಸಾಲದು, ಸಾಕಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ವೂ ಮಹಾರಾಷ್ಟ್ರದ ಮಣ್ಣಿನಲ್ಲಿಯೇ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ತಯಾರಾಯಿತು. 1934ರ ಮಾರ್ಚ್ 3ರಂದು ತೆರೆ ಕಂಡ ಆ ಚಿತ್ರದ ಒಂದೇ ಒಂದು ಪ್ರತಿಯೂ ಇಂದು ಉಳಿದಿಲ್ಲ. ಕನ್ನಡ ಮೊದಲ ಬಾರಿಗೆ ತೆರೆಯ ಮೇಲೆ ಹೇಗೆ ಮಾತಾಡಿತು ಎಂದು ಕೇಳುವ ಭಾಗ್ಯ ನಮಗೂ ಇಲ್ಲ, ನಮ್ಮ ಮಕ್ಕಳಿಗೂ ಇಲ್ಲ. ಆ ಕಾಲದ ನೈಟ್ರೇಟ್ ಫಿಲ್ಮು ಬೆಂಕಿಪೊಟ್ಟಣದಂಥದು, ಹೊತ್ತಿಕೊಂಡರೆ ಆರಿಸುವುದು ಕಷ್ಟ. ಬೆಂಕಿ ತಾಗದ್ದು ಕೊಳೆತುಹೋಯಿತು. ಕೊಳೆಯದ್ದನ್ನು ಬೆಳ್ಳಿಯ ಆಸೆಗೆ ಕರಗಿಸಿದರು. ಹಳೆಯ ರೀಲುಗಳಿಂದ ಬೆಳ್ಳಿ ತೆಗೆಯುವುದೇ ಒಂದು ಕಸುಬಾಗಿತ್ತು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಸುಲಭಕ್ಕೆ ಉರಿಯುವುದಿಲ್ಲ. ಆದರೆ ಸೆಕೆ, ತೇವಗಳಲ್ಲಿ ಇಟ್ಟರೆ ವಿನೆಗರಿನ ಹುಳಿ ವಾಸನೆ ಹೊರಡಿಸುತ್ತ, ಮುದುಡುತ್ತ ಸಾಯುತ್ತದೆ. ಒಂದು ಡಬ್ಬಿಯ ಹುಳಿ ಪಕ್ಕದ ಡಬ್ಬಿಗೂ ತಾಗುತ್ತದೆ. ಕರಾವಳಿಯ ಹವೆಯೇ ಅದಕ್ಕೆ ವೈರಿ. ನಮ್ಮ ಖಾಡಿಯ ದಡದ ಊರುಗಳ ಮಾತಂತೂ ಹೇಳುವುದೇ ಬೇಡ.

ಈ ಮಾತನ್ನು ನಾನು ಓದಿ ಕಲಿತದ್ದಲ್ಲ, ಕಳೆದುಕೊಂಡು ಕಲಿತದ್ದು. ಕಲ್ಯಾಣದಲ್ಲಿ ನೆಲಮಹಡಿಯಲ್ಲಿದ್ದ ನನ್ನ ಗೆಳೆಯರೊಬ್ಬರಿಗೆ ಫೋಟೋ ತೆಗೆಯುವ ಹುಚ್ಚು. ಇಪ್ಪತ್ತೈದು ವರ್ಷ ನಾವು ಆಡಿದ ನಾಟಕಗಳು, ರಾಜ್ಯೋತ್ಸವಗಳು, ಯಕ್ಷಗಾನದ ರಾತ್ರಿಗಳು, ಎಲ್ಲದರ ನೆಗೆಟಿವುಗಳನ್ನೂ ಒಂದು ತಗಡಿನ ಪೆಟ್ಟಿಗೆಯಲ್ಲಿ ಮಂಚದಡಿ ಇಟ್ಟಿದ್ದರು. 2005ರ ಜುಲೈ 26ರ ಮಳೆಗೆ ಉಲ್ಹಾಸ ನದಿ ಉಕ್ಕಿದಾಗ ನೀರು ಅವರ ಮನೆಯ ಕಿಟಕಿಯವರೆಗೂ ಏರಿತು. ಮೂರನೆಯ ದಿನ ಪೆಟ್ಟಿಗೆ ತೆರೆದೆವು. ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಆತುರದಿಂದ ಬಿಡಿಸಲು ಹೋದೆ. ಅಂಟಿನ ಪದರವೇ ಕಿತ್ತು ನನ್ನ ಬೆರಳಿಗೆ ಬಂತು. ಅದರಲ್ಲಿ ಯಾರ ಮುಖವಿತ್ತೋ! ಗೆಳೆಯರು ಏನೂ ಹೇಳಲಿಲ್ಲ. ಪೆಟ್ಟಿಗೆಯನ್ನು ಹಾಗೆಯೇ ಮುಚ್ಚಿದರು. ಈಗ ಅವರೂ ಇಲ್ಲ. ನಾವು ಆ ವರ್ಷಗಳಲ್ಲಿ ಏನು ಮಾಡಿದೆವು ಎಂಬುದಕ್ಕೆ ಮುದ್ರಿತ ಆಮಂತ್ರಣಗಳು ಉಳಿದಿವೆ, ಮುಖಗಳಿಲ್ಲ.

ಈ ಹಿನ್ನೆಲೆಯಲ್ಲಿ ‘ಘಟಶ್ರಾದ್ಧ’ದ ನೆಗೆಟಿವ್ ಉಳಿದದ್ದು ಸಣ್ಣ ಸಂಗತಿಯಲ್ಲ. 1964ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಅದನ್ನು ಕಾಪಾಡಿತ್ತು. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಎಂಬ ಸಂಸ್ಥೆ ಅಮೆರಿಕೆಯ ವರ್ಲ್ಡ್ ಸಿನಿಮಾ ಪ್ರಾಜೆಕ್ಟಿನೊಡನೆ ಸೇರಿ ಚಿತ್ರಕ್ಕೆ ಜೀರ್ಣೋದ್ಧಾರ ಮಾಡಿಸಿತು. ಕೆಲಸ ನಡೆದದ್ದು ಇಟಲಿಯ ಬೊಲೋನ್ಯಾ ನಗರದ ಪ್ರಯೋಗಾಲಯದಲ್ಲಿ. 2024ರ ವೆನಿಸ್ ಉತ್ಸವದಲ್ಲಿ, ಹಳೆಯ ಮೇರುಕೃತಿಗಳ ಸಾಲಿನಲ್ಲಿ, ಮಲೆನಾಡಿನ ಆ ಅಗ್ರಹಾರ ಮತ್ತೆ ತೆರೆಯ ಮೇಲೆ ಮೂಡಿತು. ಅದಕ್ಕೆ ಕೆಲವೇ ವಾರ ಮೊದಲು, ಜುಲೈಯಲ್ಲಿ, ಸದಾನಂದ ಸುವರ್ಣರು ಮಂಗಳೂರಿನಲ್ಲಿ ತೀರಿಕೊಂಡರು. ಕಾರಂತರು 2002ರಲ್ಲಿ, ರಾಮಚಂದ್ರರು 2011ರಲ್ಲಿ, ಅನಂತಮೂರ್ತಿಯವರು 2014ರಲ್ಲಿ ಹೋಗಿದ್ದರು. ಮಾಡಿದವರು ಹೋದರು, ಮಾಡಿದ್ದು ಬಂತು.

ಇಲ್ಲಿ ವಿಮರ್ಶಕನಾಗಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಜೀರ್ಣೋದ್ಧಾರವೆಂದರೆ ಹಳೆಯದನ್ನು ಹೊಸದರಂತೆ ಥಳಥಳಿಸುವುದಲ್ಲ. ದೇವಸ್ಥಾನದ ಕಲ್ಲಿಗೆ ಎಣ್ಣೆಬಣ್ಣ ಬಳಿಯುವವರನ್ನು ನಾವು ಕಂಡಿದ್ದೇವೆ. ಗೀರು, ಕಲೆಗಳನ್ನು ತೆಗೆಯಬಹುದು. ಫಿಲ್ಮಿನ ಮೈಯ ಕಣಗಳನ್ನು ಒರೆಸಿ ನುಣುಪು ಮಾಡಬಾರದು. ಕತ್ತಲೆಯ ಕೋಣೆಯನ್ನು ‘ಕಾಣಲಿ’ ಎಂದು ಬೆಳಗಬಾರದು. ಎಷ್ಟು ಕಪ್ಪು ಸರಿ ಎಂದು ಹೇಳಬೇಕಾದ ಛಾಯಾಗ್ರಾಹಕ ಇಂದು ನಮ್ಮೊಡನಿಲ್ಲ. ಈ ಚಿತ್ರದ ಭಾಗ್ಯಕ್ಕೆ ನಿರ್ದೇಶಕರಿದ್ದಾರೆ, ಅವರೂ ಈ ಕೆಲಸದಲ್ಲಿ ಜೊತೆಗೂಡಿದರು. ಇನ್ನೆಷ್ಟೋ ಕನ್ನಡ ಚಿತ್ರಗಳಿಗೆ ಸಾಕ್ಷಿ ಹೇಳುವವರೂ ಇಲ್ಲ, ನೆಗೆಟಿವೂ ಇಲ್ಲ. ಸವೆದ ಒಂದು ಪ್ರಿಂಟು ಸಿಕ್ಕರೆ ಪುಣ್ಯ. ಹೊಸ ಯಂತ್ರಗಳನ್ನು ನಾನು ಹಳಿಯುತ್ತಿಲ್ಲ. ಅವುಗಳಿಂದಲೇ ಈ ಚಿತ್ರಕ್ಕೆ ಮರುಜೀವ ಬಂದದ್ದು. ಆದರೆ ಯಂತ್ರಕ್ಕೆ ಉಣಿಸಲು ಮೊದಲು ಮೂಲವೊಂದು ಉಳಿದಿರಬೇಕಲ್ಲ.

ಕೈಲಾಗುವ ಕೆಲಸ ನಮಗೂ ಇದೆ. ಥಾಣೆಯಿಂದ ಕಲ್ಯಾಣದವರೆಗೆ, ಖಾಡಿಯಾಚೆ ವಾಶಿ ನೆರೂಲುಗಳವರೆಗೆ, ಎಷ್ಟೋ ಕನ್ನಡ ಮನೆಗಳ ಮಾಳಿಗೆಯಲ್ಲಿ ಹಳೆಯ ನೆಗೆಟಿವುಗಳಿವೆ. ಅಪ್ಪನ ಮದುವೆಯವು, ಊರ ಕೋಲದವು, ಸಂಘದ ನಾಟಕದವು. ಕೆಲವರಲ್ಲಿ 8 ಮಿಲಿಮೀಟರಿನ ಪುಟ್ಟ ರೀಲುಗಳೂ ಇರಬಹುದು. ಅವನ್ನು ಬಿಗಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಉಸಿರುಗಟ್ಟಿಸಬೇಡಿ. ಕಾಗದದ ಲಕೋಟೆಯಲ್ಲಿ, ನೆಲದಿಂದ ಎತ್ತರದಲ್ಲಿ, ಒಣಗಿದ ತಂಪು ಜಾಗದಲ್ಲಿಡಿ. ಹುಳಿ ವಾಸನೆ ಬಂದದ್ದನ್ನು ಬೇರೆಯಿಡಿ. ಒದ್ದೆಯಾಗಿ ಅಂಟಿದ್ದನ್ನು ನನ್ನಂತೆ ಕೀಳಬೇಡಿ, ಬಲ್ಲವರಿಗೆ ತೋರಿಸಿ. ಲಕೋಟೆಯ ಮೇಲೆ ಹೆಸರು, ಊರು, ವರ್ಷ ಬರೆದಿಡಿ. ಹೆಸರಿಲ್ಲದ ಮುಖ ಅರ್ಧ ಕಳೆದಂತೆಯೇ. ಪ್ರತಿಗಳನ್ನು ಕಂಪ್ಯೂಟರಿಗೆ ಇಳಿಸಿದ ಮೇಲೂ ಮೂಲವನ್ನು ಎಸೆಯಬೇಡಿ. ಬದುಕಿರುವುದಕ್ಕೆ ಶ್ರಾದ್ಧ ಮಾಡುವುದು ಎಷ್ಟು ಕ್ರೂರವೆಂದು ತಿಳಿಸಿದ ಚಿತ್ರವನ್ನು ನೋಡಿದವರು ನಾವು.

ಇನ್ನು ಸಂಘಗಳಿಗೆ ಒಂದು ಬಿನ್ನಹ. ವರ್ಷಕ್ಕೊಮ್ಮೆಯಾದರೂ ಇಂಥ ಒಂದು ಚಿತ್ರವನ್ನು, ಅದರ ಒಳ್ಳೆಯ ಪ್ರತಿಯನ್ನು ನ್ಯಾಯವಾಗಿ ಕೇಳಿ ಪಡೆದು, ಕಿಟಕಿಗಳಿಗೆ ಕಪ್ಪು ಪರದೆ ಕಟ್ಟಿ, ದೊಡ್ಡ ತೆರೆಯ ಮೇಲೆ ತೋರಿಸುವಂತಾಗಲಿ. ಹಾರತುರಾಯಿಗಳ ಖರ್ಚಿನಲ್ಲಿ ಒಂದಿಷ್ಟು ಉಳಿಸಿದರೆ ಆಗದ ಮಾತಲ್ಲ. ‘ಘಟಶ್ರಾದ್ಧ’ದಿಂದಲೇ ಆರಂಭವಾದರೆ ಅದು ಸುವರ್ಣರಿಗೆ ನಾವು ತೀರಿಸುವ ಋಣವೂ ಆದೀತು.

ಅಂಥ ದಿನ ಬಂದರೆ ಮೊಮ್ಮಗನನ್ನು ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ನಾಣಿಯ ವಯಸ್ಸನ್ನು ಅವನು ಈಗಾಗಲೇ ದಾಟುತ್ತಿದ್ದಾನೆ. ಆಗಲೂ ಅವನು “ಎಲ್ಲ ಕಪ್ಪು” ಎನ್ನಬಹುದು. ಆದರೆ ಆ ಕಪ್ಪಿನೊಳಗೆ ಒಂದು ಮುಖ ಇರುವುದು ಅವನಿಗೆ ಕಾಣುತ್ತದೆ.